‘ದಿ ಹಿಸ್ಟೋರಿಯನ್’ ಅರ್ಧಕ್ಕೇ ಬಿಡಬೇಕಾ?

ಎಲಿಜಬೆತ್ ಕೊಸ್ಟೋವಾ ಅವರ, ಡ್ರಾಕುಲಾನ ಹುಡುಕಾಟದ ಕಾದಂಬರಿ ‘ದಿ ಹಿಸ್ಟೋರಿಯನ್’ ನೂರೈವತ್ತು ಪುಟ ಓದಿದೀನಿ, ಕೆಲವರು ಅದ್ಭುತ ಅಂತಾರೆ, ಕೆಲವರು ಬೋರು ಅಂತಾರೆ, ನನಗಂತೂ ಯಾವ ಕಥೆ ಯಾವ ಕಾಲದ್ದು ಅಂತಲೇ ತಿಳೀತಿಲ್ಲ, ಬಿಡಲಾ ಅಂತ ಕೇಳಿದ್ದೀರಿ. ಈಗಲೇ ಬಿಡಬೇಡಿ. ಮುಖ್ಯ ಕಾಲ ಮೂರೇ. 1972ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಹುಡುಗಿ, 1950ರ ದಶಕದಲ್ಲಿ ಅವಳ ಅಪ್ಪ ಪಾಲ್, 1930ರಲ್ಲಿ ಅಪ್ಪನ ಮೇಷ್ಟ್ರು ರೊಸ್ಸಿ. ಅಧ್ಯಾಯ ಶುರುವಾದಾಗ ಈ ‘ನಾನು’ ಯಾರು ಅಂತ ನೋಡಿಕೊಂಡರೆ ಸಾಕು.

ಬೋರು ಅನ್ನೋರ ಮಾತೂ ಸುಳ್ಳಲ್ಲ. ಮೂವರದ್ದೂ ಒಂದೇ ದನಿ, ಅದಕ್ಕೇ ಗೊಂದಲ. ಕೊನೆಯೂ ಅವಸರದ್ದು. ಆದರೆ ಹಾಳೆಗಳೆಲ್ಲ ಖಾಲಿ ಇದ್ದು ನಡುವೆ ಮಾತ್ರ ಡ್ರ್ಯಾಗನ್ ಚಿತ್ರ ಇರೋ ಆ ಹಳೇ ಪುಸ್ತಕ ಬೇರೆ ಬೇರೆಯವರ ಕೈ ಸೇರುವ ರೀತಿ, ಇಸ್ತಾಂಬುಲ್‌ನ ದಾಖಲೆಗಳ ಹುಡುಕಾಟ, ಕಮ್ಯುನಿಸ್ಟ್ ಹಂಗೇರಿಯಲ್ಲಿ ಹೆದರಿ ಹೆದರಿ ಓಡಾಡೋದು, ಇವೆಲ್ಲ ನನಗೆ ತುಂಬಾ ಇಷ್ಟ. ನಿಜದ ಇತಿಹಾಸವೂ ಇದೆ: ರುಮೇನಿಯಾದ ಸ್ನಾಗೋವ್ ಮಠದಲ್ಲಿ, ಡ್ರಾಕುಲಾ ಅಂತ ಹೆಸರಾಗಿದ್ದ ದೊರೆ ವ್ಲಾಡ್‌ನ ಸಮಾಧಿ ಅಂತ ತೋರಿಸುತ್ತಿದ್ದ ಜಾಗವನ್ನು 1930ರ ದಶಕದಲ್ಲಿ ಅಗೆದರೆ ಸಿಕ್ಕಿದ್ದು ಪ್ರಾಣಿಗಳ ಮೂಳೆ!

ಪಾಲ್ ಇಸ್ತಾಂಬುಲ್ ಮುಟ್ಟುವ ತನಕ ಓದಿ. ಅಲ್ಲೂ ಹಿಡಿಸದಿದ್ದರೆ ಮುಂದೆಯೂ ಹಿಡಿಸಲ್ಲ, ಧಾರಾಳವಾಗಿ ಬಿಡಿ.