ಅಟ್ಟದ ಟ್ರಂಕಿನಲ್ಲಿ ಸಿಕ್ಕ ಕಾಗದಗಳನ್ನು ಕಾಪಾಡುವ ಬಗೆ

ನಮಸ್ಕಾರ ಮೇಡಂ. ಸಾಗರದ ಅಜ್ಜನ ಮನೆಯ ಅಟ್ಟದಲ್ಲಿ ಸಿಕ್ಕ ಟ್ರಂಕಿನ ತುಂಬ ಬೆಂಕಿಪೊಟ್ಟಣ, ಲಗ್ನಪತ್ರಿಕೆ, ಅಂಗಡಿ ಚೀಟಿ, ಬಸ್ ಟಿಕೆಟುಗಳಿವೆ, ಚೆಂದದವನ್ನು ಆರಿಸಿ ಲ್ಯಾಮಿನೇಟ್ ಮಾಡಿಸಲೇ ಎಂದು ಕೇಳಿದ್ದೀರಿ. ದಯವಿಟ್ಟು ಲ್ಯಾಮಿನೇಟ್ ಮಾಡಿಸಬೇಡಿ. ಬಿಸಿಗೆ ಕರಗಿದ ಅಂಟು ಕಾಗದದ ಎಳೆಗಳೊಳಗೆ ಇಳಿದರೆ ಮತ್ತೆ ಬಿಡಿಸಲಾಗದು. ಆರಿಸುವ ಕೆಲಸವನ್ನೂ ಸದ್ಯಕ್ಕೆ ಮುಂದೂಡಿ.

ನಾನು ವೃತ್ತಿಯಿಂದ ಗ್ರಾಫಿಕ್ ಡಿಸೈನರ್, ಇಂಥ ಅಲ್ಪಾಯುಷಿ ಕಾಗದಗಳನ್ನು ಇಪ್ಪತ್ತು ವರ್ಷಗಳಿಂದ ಕೂಡಿಡುತ್ತ ಬಂದವನು. ಮೊದಲು ನಾನೂ ಚೆಂದದ್ದನ್ನೇ ಆರಿಸುತ್ತಿದ್ದೆ. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದು ದೇಶ ಸುತ್ತಿ 1958ರಲ್ಲಿ ವರದಿ ಬರೆದ ಅಮೆರಿಕದ ವಿನ್ಯಾಸಕ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಅವರ ಬಗ್ಗೆ ಓದಿದ ಮೇಲೆ ನನ್ನ ನೋಟ ಬದಲಾಯಿತು. ತಾವು ಇಲ್ಲಿ ಕಂಡ ವಸ್ತುಗಳಲ್ಲೆಲ್ಲ ಅವರು ಹೆಚ್ಚು ಮೆಚ್ಚಿದ್ದು 'ಲೋಟಾ'ವನ್ನು (ನಮ್ಮ ಲೋಟವನ್ನಲ್ಲ, ತಂಬಿಗೆಯನ್ನು). ಅದನ್ನು ತಲೆಯ ಮೇಲೆ ಹೊರುತ್ತಾರೋ ಸೊಂಟದಲ್ಲೋ, ತುಂಬಿದಾಗ ಮತ್ತು ಬರಿದಾದಾಗ ತೂಕ ಎಲ್ಲಿ ನಿಲ್ಲುತ್ತದೆ, ಇನ್ನೊಂದು ಪಾತ್ರೆಗೆ ತಾಗಿದರೆ ಎಂಥ ಸದ್ದು ಬರುತ್ತದೆ ಎಂದೆಲ್ಲ ಅವರು ಕೇಳಿಕೊಂಡರು. ಆ ವರದಿಯ ಬೆನ್ನಿಗೇ 1961ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ನಿಮ್ಮ ಕಾಗದಗಳಿಗೂ ಅಂಥ ಪ್ರಶ್ನೆಗಳನ್ನೇ ಹಾಕಬೇಕು ಎಂಬುದು ನನ್ನ ಅಭಿಪ್ರಾಯ, ಮತ್ತು ಅವುಗಳಿಗೆ ಉತ್ತರ ಕೊಡುವುದು ಬಳಕೆಯ ಗುರುತುಗಳೇ.

ನನ್ನಲ್ಲಿರುವ ಒಂದು ಹಳದಿ ಲಗ್ನಪತ್ರಿಕೆಯನ್ನೇ ನೋಡಿ. ಅಚ್ಚುಮೊಳೆಯ ಮುದ್ರಣ, ಬೆರಳಾಡಿಸಿದರೆ ಹಿಂಬದಿಯಲ್ಲಿ ಅಕ್ಷರಗಳ ಉಬ್ಬು ಸಿಗುತ್ತದೆ. ನಾಲ್ಕು ಕಡೆ 'ಶ್ರೀ' ಇದೆ, ನಾಲ್ಕನೆಯದು ಮಾತ್ರ ಉಳಿದವಕ್ಕಿಂತ ದಪ್ಪ, ಏಕೆಂದರೆ ಪ್ರೆಸ್ಸಿನವರ ಬಳಿ ಆ ಅಳತೆಯ ಮೊಳೆ ಮುಗಿದಿದ್ದಿರಬೇಕು. ಮೂಲೆಗಳಲ್ಲಿ ಅರಿಶಿನದ ಹೆಬ್ಬೆಟ್ಟು. ಸ್ವಚ್ಛ ಮಾಡುವ ಹುಮ್ಮಸ್ಸಿನಲ್ಲಿ ಆ ಅರಿಶಿನವನ್ನು ಒರೆಸಬೇಡಿ. ಬೆಳಕಿಗೆ ಅದು ಬೇಗ ಮಾಸುವುದರಿಂದ ಪತ್ರಿಕೆಯನ್ನು ಗೋಡೆಗೆ ತೂಗುಹಾಕದೆ, ಪಕ್ಕದ ಕಾಗದಕ್ಕೆ ಬಣ್ಣ ಹತ್ತದಂತೆ ನಡುವೆ ಬಿಳಿಯ ಹಾಳೆಯೊಂದನ್ನು ಇಟ್ಟು ಜೋಡಿಸಿ. ಅಂಗಡಿ ಚೀಟಿಗಳನ್ನು ತಂತಿಗೆ ಚುಚ್ಚಿದ ತೂತುಗಳೂ ಹಾಗೆಯೇ ಇರಲಿ. ಆದರೆ ಗುಂಡುಸೂಜಿಗಳನ್ನು ಮೆಲ್ಲಗೆ ತೆಗೆದುಬಿಡಿ, ಮಲೆನಾಡಿನ ಮಳೆಗಾಲಕ್ಕೆ ಅವು ತುಕ್ಕು ಹಿಡಿದು ಕಾಗದವನ್ನು ತಿನ್ನುತ್ತವೆ.

ಬೆಂಕಿಪೊಟ್ಟಣಗಳ ವಿಷಯದಲ್ಲಿ ಕೈಸುಟ್ಟುಕೊಂಡವನು ನಾನು. ತೆಳು ಮರದ ಹಳೆಯ ಪೊಟ್ಟಣಗಳ ಮೇಲೆ ಕಾಗದದ ಲೇಬಲ್ ಅಂಟಿಸಿರುತ್ತಾರೆ. ಅದನ್ನು ಬಿಡಿಸಲೆಂದು ಉಗುರುಬೆಚ್ಚಗಿನ ನೀರಿನಲ್ಲಿ ಹಾಕಿ ಊಟಕ್ಕೆ ಹೋದೆ, ಬಂದು ನೋಡುವಷ್ಟರಲ್ಲಿ ಕೆಂಪು ಬಣ್ಣವೆಲ್ಲ ತಟ್ಟೆಯ ನೀರಿಗೆ ಇಳಿದು ಲೇಬಲ್ಲಿನ ಹುಲಿಯೊಂದು ಬೆಕ್ಕಿನಂತೆ ಬಿಳಿಚಿಕೊಂಡಿತ್ತು. ಒದ್ದೆ ಹತ್ತಿಯ ಕಡ್ಡಿಯನ್ನು ಮೊದಲು ಒಂದು ಮೂಲೆಗೆ ಒತ್ತಿ, ಬಣ್ಣ ಬಿಡುತ್ತದೆಯೇ ಎಂದು ನೋಡಬೇಕಿತ್ತು. ಈಗ ನಾನು ಪೊಟ್ಟಣವನ್ನು ಇಡಿಯಾಗಿಯೇ ಇಟ್ಟುಕೊಳ್ಳುತ್ತೇನೆ. ಒಳಗೆ ಕಡ್ಡಿಗಳಿದ್ದರೆ ಮಾತ್ರ ತೆಗೆದುಹಾಕಿ, ಏಕೆಂದರೆ ಪೊಟ್ಟಣದ ಪಕ್ಕದ ಗೀರುಪಟ್ಟಿಯಲ್ಲಿ ಕೆಂಪು ರಂಜಕವಿರುತ್ತದೆ, ಎರಡನ್ನೂ ಒಟ್ಟಿಗೆ ಟ್ರಂಕಿನಲ್ಲಿ ಇಡುವುದು ಕ್ಷೇಮವಲ್ಲ.

ಕಂಡಕ್ಟರ್ ಯಂತ್ರದಿಂದ ಹರಿದುಕೊಡುವ ಈಚಿನ ಟಿಕೆಟುಗಳೂ ಇದ್ದರೆ ಅವನ್ನು ಇಂದೇ 600 ಡಿಪಿಐನಲ್ಲಿ (ಅಂಗುಲಕ್ಕೆ 600 ಚುಕ್ಕೆಗಳಷ್ಟು ಸೂಕ್ಷ್ಮವಾಗಿ) ಸ್ಕ್ಯಾನ್ ಮಾಡಿಕೊಳ್ಳಿ. ಅದು ಬಿಸಿಗೆ ಕಪ್ಪಾಗುವ ಕಾಗದ, ಶಾಯಿಯೇ ಇಲ್ಲ. ನೆರಳಿನಲ್ಲಿಟ್ಟರೂ ಕೆಲವು ವರ್ಷಗಳಲ್ಲಿ ಅಕ್ಷರ ಅಳಿಸಿಹೋಗುತ್ತದೆ.

ಇಡುವುದಕ್ಕೆ ಪಿವಿಸಿ ಎಂಬ ಪ್ಲಾಸ್ಟಿಕ್ಕಿನ ಹಾಳೆಗಳು ಬೇಡ, ಅವು ಶಾಯಿಯನ್ನು ಎಳೆದುಕೊಳ್ಳುತ್ತವೆ. ಪಾಲಿಯೆಸ್ಟರ್ ಹಾಳೆ ಅಥವಾ ಆಮ್ಲರಹಿತ ಕಾಗದದ ಲಕೋಟೆ ಸಾಕು. ಹಳೆಯ ದಿನಪತ್ರಿಕೆಯಲ್ಲಿ ಸುತ್ತಬೇಡಿ, ಅದರ ಆಮ್ಲ ಉಳಿದ ಕಾಗದಗಳನ್ನೂ ಹಳದಿಯಾಗಿಸುತ್ತದೆ. ಮೈದಾ ಅಂಟು ಜಿರಲೆಗೆ ಹಬ್ಬದೂಟ. ನುಸಿಗುಳಿಗೆಯನ್ನು ಕಾಗದಕ್ಕೆ ನೇರವಾಗಿ ತಾಗಿಸದೆ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಟ್ಟು, ಮಳೆ ನಿಂತ ಮೇಲೆ ಒಂದು ದಿನ ಎಲ್ಲವನ್ನೂ ನೆರಳಿನಲ್ಲಿ ಗಾಳಿಗೆ ಹರಡಿ. ಯಾವ ಚೀಟಿ ಯಾವುದರ ಕೆಳಗೆ, ಯಾರ ಹೆಸರಿನ ಕಟ್ಟಿನಲ್ಲಿ ಸಿಕ್ಕಿತೆಂಬುದನ್ನು ಲಕೋಟೆಯ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ. ಈ ವಿವರ ಒಮ್ಮೆ ಕಲಸಿಹೋದರೆ ಮತ್ತೆ ಸಿಗುವುದಿಲ್ಲ, ಆರಿಸಬೇಡಿ ಎಂದಿದ್ದೂ ಇದಕ್ಕಾಗಿಯೇ.

ಅಂದಹಾಗೆ, ಟ್ರಂಕಿನ ಮುಚ್ಚಳದ ಒಳಗೆ ಕ್ಯಾಲೆಂಡರ್ ಚಿತ್ರವನ್ನೋ ಬಟ್ಟೆಯಂಗಡಿಯ ಚೀಟಿಯನ್ನೋ ಅಂಟಿಸಿದ್ದರೆ ಕೀಳಲು ಹೋಗಬೇಡಿ. ಹಾಗೆಯೇ ಫೋಟೊ ತೆಗೆದು ಇಲ್ಲಿ ಹಾಕಿ.