ಪಾಲಿಹೌಸ್ ಕ್ಯಾಪ್ಸಿಕಂ: ಬೆಳಗ್ಗೆ ಎಲೆ ಒದ್ದೆ, ಹೂವಿಗೆ ಬೂದು ಬೂಷ್ಟು
ಪಾಲಿಹೌಸ್‌ನಲ್ಲಿ (ಪ್ಲಾಸ್ಟಿಕ್ ಹೊದಿಸಿದ ಬೆಳೆಮನೆ) ಹೀಗೇಕೆ ಆಗುತ್ತಿದೆ ಎಂದು ಕೇಳಿದ್ದೀರಿ. ಚಳಿಗೆಂದು ರಾತ್ರಿಯಿಡೀ ಪಕ್ಕದ ಪ್ಲಾಸ್ಟಿಕ್ ಕರ್ಟನ್ ಪೂರ್ತಿ ಮುಚ್ಚಿಡುತ್ತೀರಲ್ಲ, ಬಹುಶಃ ಅದೇ ಕಾರಣ. ತೇವ ಹೊರಹೋಗದೆ, ನಸುಕಿನಲ್ಲಿ ತಣ್ಣಗಾದ ಪ್ಲಾಸ್ಟಿಕ್‌ಗೆ ತಾಗಿ ನೀರಾಗಿ ಗಿಡದ ಮೇಲೆ ತೊಟ್ಟಿಕ್ಕುತ್ತದೆ.

ಮೊದಲು ಪಕ್ಕದ ನೆಟ್ ನೋಡಿ. ಕೀಟ ತಡೆಯುವ 40 ಮೆಶ್ (ಇಂಚಿಗೆ 40 ಕಣ್ಣಿನ) ನೆಟ್‌ಗೆ ಧೂಳು ಮೆತ್ತಿದ್ದರೆ ಕರ್ಟನ್ ತೆಗೆದರೂ ಗಾಳಿಯಾಡುವುದಿಲ್ಲ. ಪೈಪ್ ಹಿಡಿದು ತೊಳೆಯಿರಿ. ಆಮೇಲೆ ಬಿಸಿಲೇರುವ ಮೊದಲೇ ಕರ್ಟನ್ ತೆಗೆಯಿರಿ. ರಾತ್ರಿಯೂ ಮೇಲ್ಗಡೆ ಒಂದು ಗೇಣು ಬಿಡಿ, ಮಳೆಯಿದ್ದರೆ ಮಾತ್ರ ಮುಚ್ಚಿ. ಡ್ರಿಪ್ ಬೆಳಗ್ಗೆಯೇ ಮುಗಿಸಿ, ಸಂಜೆ ನೀರು ಬೇಡವೇ ಬೇಡ. ಬುಡದ ಹಳೆ ಎಲೆ, ಬೂಷ್ಟು ಹಿಡಿದ ಹೂವು ಕಿತ್ತು ಚೀಲದಲ್ಲೇ ಹೊರಗೆ ಸಾಗಿಸಿ.

ಮೊದಲು ಇಷ್ಟು ಮಾಡಿ ನೋಡಿ, ಗಾಳಿಯಾಡಿಸಲೆಂದು ಫ್ಯಾನ್‌ಗೆ ಈಗಲೇ ದುಡ್ಡು ಹಾಕಬೇಡಿ.

ಫೋಟೋ ಇಲ್ಲದೆ ಖಚಿತವಾಗಿ ಹೇಳಲಾರೆ: ಎಲೆಯಡಿ ಬಿಳಿ ಪುಡಿಯಿದ್ದರೆ ಅದು ಬೂದಿ ರೋಗ, ಗಾಳಿಯೊಂದರಿಂದಲೇ ಹೋಗದು. ಹಾಗಿದ್ದರೆ ಎಲೆಯನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿ.