3,35,50,336 ಎಂಬ ಸಂಖ್ಯೆಯಲ್ಲಿ ಏನಾದರೂ ವಿಶೇಷವಿದೆಯೇ?

ಇದೆ. 6, 28, 496, 8128ರ ನಂತರ ಬರುವ ಐದನೆಯ ಪರಿಪೂರ್ಣ ಸಂಖ್ಯೆ ಇದು. ಅಂದರೆ ತನ್ನನ್ನು ಬಿಟ್ಟು ಉಳಿದ 25 ಭಾಜಕಗಳನ್ನು ಕೂಡಿದರೆ ಮರಳಿ ಇದೇ ಸಂಖ್ಯೆ ದೊರೆಯುತ್ತದೆ. ಇದು 4096 ಮತ್ತು 8191ರ ಗುಣಲಬ್ಧ. ಮೊದಲನೆಯದು 2ರ 12ನೆಯ ಘಾತ. ಎರಡನೆಯದು 2ರ 13ನೆಯ ಘಾತಕ್ಕಿಂತ ಒಂದು ಕಡಿಮೆಯಿರುವ ಅವಿಭಾಜ್ಯ ಸಂಖ್ಯೆ. ಆದ್ದರಿಂದಲೇ ಇದನ್ನು ದ್ವಿಮಾನ ಪದ್ಧತಿಯಲ್ಲಿ ಬರೆದಾಗ 13 ಒಂದುಗಳೂ ಅವುಗಳ ಬಳಿಕ 12 ಸೊನ್ನೆಗಳೂ ಸಾಲಾಗಿ ನಿಲ್ಲುತ್ತವೆ. 1ರಿಂದ 8191ರವರೆಗಿನ ಎಲ್ಲ ಪೂರ್ಣಾಂಕಗಳ ಮೊತ್ತವೂ ಇದೇ ಆಗಿರುವುದರಿಂದ ಇದು ತ್ರಿಕೋನ ಸಂಖ್ಯೆ. 1ರಿಂದ 127ರವರೆಗಿನ ಬೆಸಸಂಖ್ಯೆಗಳ ಘನಗಳನ್ನು ಕೂಡಿದರೂ ಇದೇ ಬರುತ್ತದೆ. ಅಂಕಿಗಳ ಮೊತ್ತ 28, ಅದೂ ಪರಿಪೂರ್ಣ ಸಂಖ್ಯೆಯೇ. ಇದನ್ನು ಮಾತ್ರ ನಾನು ಕಾಕತಾಳೀಯವೆಂದೇ ಎಣಿಸುತ್ತೇನೆ, ಏಕೆಂದರೆ ಅದು ದಶಮಾನ ಬರವಣಿಗೆಗೆ ಅಂಟಿದ ಗುಣವೇ ಹೊರತು ಸಂಖ್ಯೆಯದಲ್ಲ.